ಸದ್ದಿಲ್ಲದ ಟಾಪೆಟ್: 1994ರ ಓಮ್ನಿಯ ನಡುಕ ಹುಡುಕಿದ ದಾಖಲೆ

ನಮ್ಮ ಓಮ್ನಿ 1994ರ ನವೆಂಬರಿನಲ್ಲಿ ಮಂಡ್ಯದಲ್ಲಿಯೇ ನೋಂದಣಿಯಾದ, ಕೆಎ 11 ಸಂಖ್ಯೆಯ ವ್ಯಾನು. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರ್, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅದರೊಳಗೆ ತೆರೆದು ಮುಚ್ಚಿ ಕಿಡಿ ಹಾರಿಸುವ ಪಾಯಿಂಟ್. 2008ರಲ್ಲಿ ಎಲ್‌ಪಿಜಿ ಕಿಟ್ ಹಾಕಿಸಿ ಅದನ್ನು ಆರ್‌.ಸಿ.ಯಲ್ಲಿಯೂ ನಮೂದಿಸಿದ್ದಾಗಿದೆ. ಇದರ ನಡುಕಕ್ಕೆ ಕಾರಣ ಹುಡುಕುವ ಕೆಲಸ ಆರಂಭಿಸಿದ ದಿನ ಮೀಟರಿನಲ್ಲಿ 1,21,400 ಕಿ.ಮೀ. ಇತ್ತು. ವಾರಕ್ಕೊಮ್ಮೆ ಸೋದರಮಾವನ ಆಲೆಮನೆಯಿಂದ ಬೆಲ್ಲವನ್ನು ಮೈಸೂರಿನ ಸಂತೇಪೇಟೆಗೆ ಸಾಗಿಸುವುದು ಇದರ ಮುಖ್ಯ ಕಾಯಕ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಸುಭಾಷ್‌ನಗರದ ಮನೆಯ ಮುಂದಿನ ಶೀಟಿನ ಕೆಳಗೆ, ಭಾನುವಾರಗಳಲ್ಲಿ, ಕೈಗೆ ಸಿಕ್ಕ ಸಾಮಾನಿನಿಂದ ಮಾಡಿದ ಕೆಲಸ ಇದು. ಆಯಾ ದಿನ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಗೀಚಿಟ್ಟಿದ್ದ ಅಳತೆಗಳನ್ನು ಇಲ್ಲಿ ದಿನಾಂಕದ ಕ್ರಮದಲ್ಲಿ ಬರೆದಿದ್ದೇನೆ. ಮಾಡಿದ ತಪ್ಪುಗಳೆಲ್ಲ ಹಾಗೆಯೇ ಇವೆ.

17 ಆಗಸ್ಟ್ 2024, ಶನಿವಾರ

ನವೆಂಬರಿನಲ್ಲಿ ನೋಂದಣಿಯ ನವೀಕರಣ ಬರುವುದರಿಂದ ಮುಂಚಿತವಾಗಿಯೇ ಹೊಗೆ ತಪಾಸಣೆ ಮಾಡಿಸಿಬಿಡೋಣವೆಂದು ಹೋದೆ. ವ್ಯಾನು ತೇರ್ಗಡೆಯಾಗಲಿಲ್ಲ. ಈ ಕಾಲದ ಪೆಟ್ರೋಲ್ ವಾಹನಗಳಿಗೆ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಂತಲ್ಲಿಯೇ ಓಡುವಾಗ) ಕಾರ್ಬನ್ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1,500 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಮಿತಿ. ನನ್ನದರಲ್ಲಿ ಮಾನಾಕ್ಸೈಡ್ ಶೇ. 1.1, ಹೈಡ್ರೋಕಾರ್ಬನ್ 1,860 ಬಂತು.

ಈ ಎರಡು ಅಂಕಿಗಳನ್ನು ಆ ದಿನವೇ ಸರಿಯಾಗಿ ಓದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಪೆಟ್ರೋಲು ಹೆಚ್ಚಾಗಿ ಹೋಗುತ್ತಿದ್ದರೆ ಮಾನಾಕ್ಸೈಡ್ ಏರಬೇಕು. ಅದು ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದೆಯೆಂದರೆ ಎಲ್ಲೋ ಒಂದು ಸಿಲಿಂಡರಿನಲ್ಲಿ ಇಂಧನ ಸುಡದೆ ಹಾಗೆಯೇ ಹೊರಬೀಳುತ್ತಿದೆ ಎಂದು ಅರ್ಥ. ತಪಾಸಣೆ ಮಾಡಿದ ಹುಡುಗನು ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರಿನ ಮಿಶ್ರಣದ ತಿರುಪನ್ನು ಒಳಗೆ ಹೊರಗೆ ತಿರುಗಿಸಿ ನಾಲ್ಕು ಬಾರಿ ಅಳೆದನು. ಮಾನಾಕ್ಸೈಡ್ ಏರಿತು, ಇಳಿಯಿತು, ಹೈಡ್ರೋಕಾರ್ಬನ್ ಕದಲಲಿಲ್ಲ. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ.

ರೋಗದ ಲಕ್ಷಣಗಳನ್ನು ಅಂದು ಸಂಜೆ ಬರೆದಿಟ್ಟೆ. ಬೆಳಿಗ್ಗೆ ತಣ್ಣಗಿರುವಾಗ ಒಂದೇ ಸೆಲ್ಫಿಗೆ ಚಾಲೂ ಆಗುತ್ತದೆ, ಐದಾರು ನಿಮಿಷ ನಯವಾಗಿರುತ್ತದೆ. ಕಾದ ಮೇಲೆ ಸಿಗ್ನಲಿನಲ್ಲಿ ನಿಲ್ಲಿಸಿದರೆ ಸೀಟು, ಸ್ಟೀರಿಂಗ್, ಹಿಂಬದಿ ನೋಡುವ ಕನ್ನಡಿ ಎಲ್ಲವೂ ನಡುಗುತ್ತವೆ. ವೇಗ ಹಿಡಿದ ಮೇಲೆ ನಡುಕ ಬಹುತೇಕ ಮರೆಯಾಗುತ್ತದೆ, ಆದರೆ ಹೇರು ತುಂಬಿದ್ದರೆ ಏರಿನಲ್ಲಿ ಎಳೆಯುವುದಿಲ್ಲ. ಪೆಟ್ರೋಲಿನಲ್ಲಿಯೂ ಗ್ಯಾಸಿನಲ್ಲಿಯೂ ಒಂದೇ ರೀತಿ.

18 ಆಗಸ್ಟ್: ಪ್ಲಗ್, ಪಾಯಿಂಟ್

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೂರು ಪ್ಲಗ್ ಬದಲಿಸಿದೆ (330 ರೂ.), ಗ್ಯಾಪ್ 0.8 ಮಿ.ಮೀ. ಇಟ್ಟೆ. ಪಾಯಿಂಟ್ ಮತ್ತು ಕಂಡೆನ್ಸರ್ ಹೊಸದು ಹಾಕಿದೆ (270 ರೂ.). ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಹಸಿರುಗಟ್ಟಿದ್ದರಿಂದ ಅದನ್ನೂ ರೋಟರನ್ನೂ ಬದಲಿಸಿದೆ (450 ರೂ.). ಎಚ್‌ಟಿ ವೈರುಗಳನ್ನು (ಪ್ಲಗ್ಗಿಗೆ ಕಿಡಿಯ ವಿದ್ಯುತ್ತು ಒಯ್ಯುವವು) ಮಲ್ಟಿಮೀಟರಿನಿಂದ ಅಳೆದಾಗ 9, 11, 12 ಕಿಲೋಓಮ್ ತೋರಿಸಿದ್ದರಿಂದ ಅವನ್ನು ಮುಟ್ಟಲಿಲ್ಲ.

ಓಮ್ನಿಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯಿದೆ: ಎಂಜಿನ್ ಮುಂದಿನ ಸೀಟುಗಳ ಕೆಳಗಿರುವುದರಿಂದ ಸೀಟು ಮಗುಚಿ, ಮುಚ್ಚಳ ತೆಗೆದು, ಬಾಗಿಲಿನ ಅಂಚಿನಲ್ಲಿ ಮೊಣಕಾಲೂರಿ, ಬಾವಿಗೆ ಇಣುಕುವವನಂತೆ ಬಗ್ಗಿಯೇ ಎಲ್ಲವನ್ನೂ ಮಾಡಬೇಕು. ಬಿದ್ದ ತಿರುಪು ನೆಲಕ್ಕೆ ಬೀಳುವುದಿಲ್ಲ, ನಡುವೆ ಎಲ್ಲೋ ತಂಗುತ್ತದೆ. ಪಾಯಿಂಟಿನ ಚಿಕ್ಕ ತಿರುಪೊಂದನ್ನು ಹುಡುಕಲು ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಮುಕ್ಕಾಲು ಗಂಟೆ ಕಳೆದೆ.

ಸಂಜೆ ಚಾಲೂ ಮಾಡಿದಾಗ ನಡುಕವೇ ಇರಲಿಲ್ಲ. ಕ್ಯಾಲೆಂಡರಿನ ಹಾಳೆಯಲ್ಲಿ ‘ಸರಿಹೋಯಿತು’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಅದು ಈಗಲೂ ಹಾಗೆಯೇ ಇದೆ.

24 ಆಗಸ್ಟ್: ಸರಿಹೋಗಿರಲಿಲ್ಲ

ಐದು ಬೆಲ್ಲದ ಚೀಲ ಹೇರಿಕೊಂಡು ಮೈಸೂರಿಗೆ ಹೊರಟವನು ತೂಬಿನಕೆರೆ ದಾಟುವಷ್ಟರಲ್ಲಿ ಹೊಸದೊಂದು ಸದ್ದು ಕೇಳತೊಡಗಿತು. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಡಬ್ಬಿಯಲ್ಲಿ ಕಡಲೆಕಾಳು ಅಲುಗಾಡಿಸಿದಂತೆ ಎಂಜಿನ್ ಕಟಕಟ ಎನ್ನುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿದಾಗ ಐಡ್ಲಿಂಗ್ ನಿಮಿಷಕ್ಕೆ 1,100 ಸುತ್ತಿನ ಆಸುಪಾಸಿನಲ್ಲಿತ್ತು. ತಿರುಪು ಸಡಿಲಿಸಿ 850ಕ್ಕೆ ಇಳಿಸಿದ ಕೂಡಲೇ ಹಳೆಯ ನಡುಕ ಹಾಗೆಯೇ ಮರಳಿತು.

ಆಗಿದ್ದು ಇಷ್ಟು. ಸವೆದ ಹಳೆಯ ಪಾಯಿಂಟಿನ ಗ್ಯಾಪ್ 0.3 ಮಿ.ಮೀ.ಗೆ ಇಳಿದಿತ್ತು, ಹೊಸದಕ್ಕೆ ನಾನು 0.5 ಇಟ್ಟೆ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಮುಂಚಿತವಾಗಿ ಹಾರುತ್ತದೆ, ಐಡ್ಲಿಂಗ್ ತಾನಾಗಿ ಏರುತ್ತದೆ. ಏರಿದ ಐಡ್ಲಿಂಗಿನಲ್ಲಿ ನಡುಕ ಮುಚ್ಚಿಹೋಗಿತ್ತು. ಪಾಯಿಂಟ್ ಬದಲಿಸಿದ ಮೇಲೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ನೋಡದೆ ಬಿಟ್ಟದ್ದು ನನ್ನ ಮೊದಲನೆಯ ತಪ್ಪು. ಪರಿಚಯದ ಆಟೊ ಎಲೆಕ್ಟ್ರಿಷಿಯನ್ನರಿಂದ ಟೈಮಿಂಗ್ ಲೈಟ್ ಕೇಳಿ ತಂದು, ಗ್ಯಾಪನ್ನು 0.45ಕ್ಕೆ ಇಳಿಸಿ, ಗುರುತಿಗೆ ಕೂಡಿಸಿದ ಮೇಲೆ ಕಟಕಟ ನಿಂತಿತು. ನಡುಕ ನಿಲ್ಲಲಿಲ್ಲ.

ಆ ಎಲೆಕ್ಟ್ರಿಷಿಯನ್ ಎಂಜಿನ್ನಿಗೆ ಕಿವಿಗೊಟ್ಟು ಹೇಳಿದ ಮಾತನ್ನು ಇಲ್ಲಿಯೇ ದಾಖಲಿಸಬೇಕು: “ಎಂಜಿನ್ ಬಹಳ ಟೈಟಾಗಿದೆ ಸಾರ್, ಮೂವತ್ತು ವರ್ಷದ ಗಾಡಿಯಲ್ಲಿ ಒಂದು ಟಾಪೆಟ್ ಸದ್ದೂ ಇಲ್ಲ.” (ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವುಗಳನ್ನು ಒತ್ತಿ ತೆರೆಯುವ ಭಾಗಗಳಿಗೆ ಟಾಪೆಟ್ ಎನ್ನುತ್ತಾರೆ.) ಇದನ್ನೇ ಇನ್ನಿಬ್ಬರು ಮೆಕ್ಯಾನಿಕ್‌ಗಳೂ ಮುಂದೆ ಹೇಳಿದರು. ಮೊದಲ ಎರಡು ಬಾರಿ ನನಗೆ ಹೆಮ್ಮೆಯೆನಿಸಿತು.

1 ಸೆಪ್ಟೆಂಬರ್: ಕಾರ್ಬೊರೇಟರ್

ಗೌರಿ ಗಣೇಶ ಹಬ್ಬಕ್ಕೆ ಒಂದು ವಾರ ಇತ್ತು; ಬೆಲ್ಲಕ್ಕೆ ಬೇಡಿಕೆ ಜೋರಾಗಿದ್ದುದರಿಂದ ವ್ಯಾನು ನಿಲ್ಲುವ ಹಾಗಿರಲಿಲ್ಲ. ಆತುರದಲ್ಲಿ ಮಂಡ್ಯದ ಒಂದು ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಬಿಚ್ಚಿಸಿದೆ. ತೊಳೆದದ್ದಕ್ಕೆ 900, ಗ್ಯಾಸ್ಕೆಟ್ ಕಿಟ್ಟಿಗೆ 350 ರೂ. ಬಟ್ಟಲಿನಲ್ಲಿ ಕಂದು ಬಣ್ಣದ ಮಡ್ಡಿ ಇದ್ದದ್ದು ನಿಜ, ಜೆಟ್ಟುಗಳನ್ನು ಊದಿ ತೆಗೆದದ್ದೂ ನಿಜ. ಆದರೆ ಗ್ಯಾಸಿನಲ್ಲಿ ಓಡುವಾಗ ಆ ಜೆಟ್ಟುಗಳಿಗೆ ಕೆಲಸವೇ ಇಲ್ಲ. ಎರಡೂ ಇಂಧನದಲ್ಲಿ ನಡುಕ ಒಂದೇ ತೆರನಾಗಿದೆ ಎಂದು ಹದಿನೈದು ದಿನಗಳ ಹಿಂದೆ ನಾನೇ ಬರೆದಿಟ್ಟಿದ್ದೆ. ಬರೆದದ್ದನ್ನು ಓದಿಕೊಳ್ಳಲಿಲ್ಲ. ಈ 1,250 ರೂಪಾಯಿ ಸಂಪೂರ್ಣ ದಂಡ.

ದಂಡಕ್ಕಿಂತ ಕೆಟ್ಟದ್ದೆಂದರೆ, ಮನೆಗೆ ತಂದ ಮೇಲೆ ನಡುಕ ಮೊದಲಿಗಿಂತ ಹೆಚ್ಚಾಗಿತ್ತು. ಹೀಗಾದಾಗ ಹೊಸ ತೊಂದರೆ ಯಾವುದು, ಹಳೆಯದು ಯಾವುದು ಎಂದು ಬೇರ್ಪಡಿಸುವುದೇ ಒಂದು ಪ್ರತ್ಯೇಕ ಕೆಲಸವಾಗಿಬಿಡುತ್ತದೆ.

15 ಸೆಪ್ಟೆಂಬರ್: ಗಾಳಿ ಸೋರಿಕೆ

ಹಬ್ಬ ಮುಗಿದ ಮೇಲೆ ಎರಡು ಅಡಿ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಸುತ್ತ ಆಡಿಸಿದೆ. ಕಾರ್ಬೊರೇಟರಿನ ಬುಡದ ಹತ್ತಿರ ಹಿಸ್ಸೆಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು. ಕಾರ್ಬ್ ಕ್ಲೀನರ್ ಸ್ಪ್ರೇಯನ್ನು (280 ರೂ.) ಆ ಜಾಗಕ್ಕೆ ತುಸುವೇ ಸಿಂಪಡಿಸಿದಾಗ ಎಂಜಿನ್ನಿನ ಓಟ ಕ್ಷಣಮಾತ್ರ ಬದಲಾಯಿತು. ಡಿಸ್ಟ್ರಿಬ್ಯೂಟರಿಗೆ ಹೋಗುವ ನಿರ್ವಾತದ ಪೈಪು ತುದಿಯಲ್ಲಿ ಸೀಳಿತ್ತು. ಬಿಚ್ಚಿ ಹಾಕುವಾಗ ಆದದ್ದಿರಬೇಕು, ಹಳೆಯ ರಬ್ಬರಿಗೆ ಅಷ್ಟೇ ಸಾಕು. ಸ್ಪ್ರೇ ಹೊತ್ತಿಕೊಳ್ಳುವ ವಸ್ತು. ಸೀಟಿನ ಕೆಳಗಿನ ಇಕ್ಕಟ್ಟಿನಲ್ಲಿ, ಕಾದ ಎಕ್ಸಾಸ್ಟಿನ ಪಕ್ಕದಲ್ಲಿ ಅದನ್ನು ಬಳಸುವಾಗ ಒದ್ದೆ ಗೋಣಿಚೀಲವೊಂದನ್ನು ಕೈಗೆಟಕುವಂತೆ ಇಟ್ಟುಕೊಂಡಿದ್ದೆ. ಅಗ್ನಿಶಾಮಕವೇ ಇದ್ದರೆ ಉತ್ತಮ.

ಒಂದು ಮೀಟರ್ ಪೈಪಿಗೆ 60 ರೂ. ಎಲ್ಲ ಚಿಕ್ಕ ಪೈಪುಗಳನ್ನೂ ಬದಲಿಸಿದೆ. ಸೆಪ್ಟೆಂಬರ್ ಒಂದರಂದು ಹೆಚ್ಚಾಗಿದ್ದ ನಡುಕ ಹೋಯಿತು, ಆಗಸ್ಟಿನ ನಡುಕ ಉಳಿಯಿತು. ಒಂದು ತಿಂಗಳು ಕಳೆದು, 2,640 ರೂ. ಖರ್ಚು ಮಾಡಿ, ಹೊರಟ ಜಾಗಕ್ಕೇ ಬಂದು ನಿಂತಿದ್ದೆ.

22 ಸೆಪ್ಟೆಂಬರ್: ಒಂದೊಂದೇ ಸಿಲಿಂಡರ್

ಕಾಸು ಖರ್ಚಿಲ್ಲದ, ಹತ್ತು ನಿಮಿಷದ ಪರೀಕ್ಷೆಯನ್ನು ಐದನೆಯ ವಾರದಲ್ಲಿ ಮಾಡಿದೆ. ಎಂಜಿನ್ ಪೂರ್ತಿ ಕಾದ ಮೇಲೆ, ಐಡ್ಲಿಂಗಿನಲ್ಲಿ, ಒಂದು ಸಲಕ್ಕೆ ಒಂದೇ ಪ್ಲಗ್ಗಿನ ವೈರನ್ನು ಕಿತ್ತು ಆರ್‌ಪಿಎಂ ಎಷ್ಟು ಇಳಿಯುತ್ತದೆಂದು ನೋಡುವುದಷ್ಟೇ. ಸರಿಯಾಗಿ ದುಡಿಯುತ್ತಿರುವ ಸಿಲಿಂಡರನ್ನು ಕಿತ್ತರೆ ಎಂಜಿನ್ ಕುಸಿಯುತ್ತದೆ. ದುಡಿಯದೇ ಇರುವುದನ್ನು ಕಿತ್ತರೆ ಅದಕ್ಕೆ ತಿಳಿಯುವುದೇ ಇಲ್ಲ.

ಕೀಳುವುದಕ್ಕೆ ಮುಂಚೆ 850. ಒಂದನೆಯದನ್ನು ಕಿತ್ತಾಗ 640. ಎರಡನೆಯದನ್ನು ಕಿತ್ತಾಗ 620. ಮೂರನೆಯದನ್ನು ಕಿತ್ತಾಗ 790.

ಮೂರನೆಯದು, ಅಂದರೆ ಗೇರ್‌ಬಾಕ್ಸಿನ ಕಡೆಯದು, ಹೆಸರಿಗಷ್ಟೇ ಓಡುತ್ತಿತ್ತು. ಒಂದನೆಯ ಮತ್ತು ಮೂರನೆಯ ಸಿಲಿಂಡರಿನ ಪ್ಲಗ್ಗುಗಳನ್ನು ಅದಲುಬದಲು ಮಾಡಿ ಮತ್ತೆ ಅಳೆದೆ. ತೊಂದರೆ ಮೂರರಲ್ಲಿಯೇ ಉಳಿಯಿತು. ವೈರು ಬದಲಿಸಿ ನೋಡಿದಾಗಲೂ ಅಷ್ಟೇ. ಅಲ್ಲಿಗೆ ಕಿಡಿಯ ಅಧ್ಯಾಯ ಮುಗಿಯಿತು. ರಬ್ಬರ್ ಹಿಡಿಯ ಇಕ್ಕಳವಿದ್ದರೂ ಎರಡನೆಯ ವೈರನ್ನು ತೆಗೆಯುವಾಗ ಮೊಣಕೈ ಬಾಡಿಗೆ ತಾಗಿ ಹೊಡೆದ ಶಾಕ್‌ಗೆ ತಲೆ ಮೇಲಿನ ಚಾವಣಿಗೆ ಬಡಿಯಿತು. ವೈರು ಹಳೆಯದಾದರೆ ಅದರ ಮೇಲ್ಮೈಯಿಂದಲೇ ವಿದ್ಯುತ್ತು ಹಾಯುತ್ತದೆ.

29 ಸೆಪ್ಟೆಂಬರ್: ಕಂಪ್ರೆಷನ್

ಸಂತೇಪೇಟೆಯಲ್ಲಿ ಚೀಲ ಇಳಿಸಿ ಬರುವಾಗ ಮೈಸೂರಿನಲ್ಲಿಯೇ ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಕೊಂಡೆ, 1,150 ರೂ. ಮೂರು ಪ್ಲಗ್ಗುಗಳನ್ನೂ ತೆಗೆದು, ಕಾಯಿಲ್ ವೈರು ಬೇರ್ಪಡಿಸಿ, ಮಗಳನ್ನು ಚಾಲಕನ ಸೀಟಿನ ಚೌಕಟ್ಟಿನ ಮೇಲೆ ಒರಗಿಸಿ ಸೆಲ್ಫ್ ಹೊಡೆಸಿದೆ. 110, 105, 60 ಪಿಎಸ್‌ಐ ಬಂತು. ಮೂರೂ ಕಡಿಮೆ. ಎಂಜಿನ್ನೇ ಮುಗಿದುಹೋಯಿತೆಂದು ಆ ರಾತ್ರಿ ಹಳೆಯ ಎಂಜಿನ್ನುಗಳ ಬೆಲೆಯನ್ನೂ ವಿಚಾರಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ಆಕ್ಸಿಲರೇಟರ್ ತುಳಿಯಲು ಮಗಳಿಗೆ ಹೇಳಿರಲಿಲ್ಲ. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಸಾಕಷ್ಟು ಗಾಳಿಯೇ ಹೋಗುವುದಿಲ್ಲ, ಗೇಜ್ ಏನನ್ನು ತೋರಿಸಬೇಕು? ಎಂಜಿನ್ ಕಾಯಿಸಿ, ಥ್ರಾಟಲ್ ಪೂರ್ತಿ ತೆರೆದು, ಆರಾರು ಸುತ್ತು ತಿರುಗಿಸಿದಾಗ ಬಂದದ್ದು 165, 160, 95.

ಮೂರನೆಯದಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದೆ. 102. ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಸವೆದಿದ್ದರೆ ಆಯಿಲ್ ಸಂದನ್ನು ಮುಚ್ಚಿ ಒತ್ತಡ ಚೆನ್ನಾಗಿ ಏರಬೇಕಿತ್ತು. ಏಳೇ ಪಿಎಸ್‌ಐ ಏರಿದೆಯೆಂದರೆ ಸೋರಿಕೆ ಮೇಲ್ಗಡೆಯೇ, ವಾಲ್ವಿನಲ್ಲಿ ಅಥವಾ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಗ್ಯಾಸ್ಕೆಟ್ಟಿನಲ್ಲಿ.

6 ಅಕ್ಟೋಬರ್: ಸೋರುವುದು ಎಲ್ಲಿ

ಹಳೆಯ ಪ್ಲಗ್ಗೊಂದರ ಪಿಂಗಾಣಿಯನ್ನು ಒಡೆದು ತೆಗೆದು, ಅದರ ಲೋಹದ ಚಿಪ್ಪಿಗೆ ಟ್ಯೂಬಿನ ವಾಲ್ವನ್ನು ಬೆಸುಗೆ ಹಾಕಿಸಿದೆ. ವೆಲ್ಡಿಂಗ್ ಅಂಗಡಿಯಲ್ಲಿ 80 ರೂ. ತೆಗೆದುಕೊಂಡರು. ವ್ಯಾನನ್ನು ರಸ್ತೆಯ ಮೂಲೆಯ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ, ಮೂರನೆಯ ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು, ಅವರ ಕಂಪ್ರೆಸರಿನಿಂದ ಗಾಳಿ ಹಾಕಿದೆ.

ಇಲ್ಲಿ ಆದ ತಪ್ಪು ಕೈ ಮುರಿಯುವಂಥದ್ದು. ಪಿಸ್ಟನ್ ನಿಖರವಾಗಿ ತುದಿಯಲ್ಲಿಲ್ಲದೆ ಒಂದಿಷ್ಟು ಆಚೆಗಿದ್ದುದರಿಂದ, ಗಾಳಿ ಹೋದ ಕೂಡಲೇ ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಗಿರಕ್ಕನೆ ತಿರುಗಿ, ಪುಲ್ಲಿಯ ಬೋಲ್ಟಿನಲ್ಲಿಯೇ ಬಿಟ್ಟಿದ್ದ ಸ್ಪ್ಯಾನರ್ ಬಾಡಿಗೆ ಅಪ್ಪಳಿಸಿತು. ನನ್ನ ಕೈ ಅದೃಷ್ಟವಶಾತ್ ಅಲ್ಲಿರಲಿಲ್ಲ. ಎರಡನೆಯ ಬಾರಿ ಸ್ಪ್ಯಾನರ್ ತೆಗೆದು, ಟಾಪ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಗಾಳಿಯನ್ನು ನಿಧಾನವಾಗಿ ಬಿಟ್ಟೆ.

ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ, ಆದ್ದರಿಂದ ಗ್ಯಾಸ್ಕೆಟ್ ಸರಿಯಿದೆ. ಆಯಿಲ್ ಮುಚ್ಚಳದಲ್ಲಿ ಗಾಳಿಯ ಸದ್ದು ಹೇಳುವಷ್ಟಿರಲಿಲ್ಲ. ಕಾರ್ಬೊರೇಟರಿನಲ್ಲಿ ಮೌನ. ಹಿಂದಕ್ಕೆ ಹೋಗಿ ಸೈಲೆನ್ಸರ್ ಪೈಪಿಗೆ ಕಿವಿಗೊಟ್ಟರೆ ಕುಕ್ಕರಿನ ವಿಷಲ್ ಬರುವುದಕ್ಕೆ ಮುಂಚಿನ ಹಾಗೆ ಒಂದೇ ಸಮನೆ ಸುಯ್ಯೆನ್ನುತ್ತಿತ್ತು. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚಿಕೊಳ್ಳುತ್ತಿರಲಿಲ್ಲ.

ಇದನ್ನು ಕೇಳಿದ ಇನ್ನೊಬ್ಬ ಮೆಕ್ಯಾನಿಕ್, ವಾಲ್ವ್ ಸುಟ್ಟಿದೆ, ಹೆಡ್ ಇಳಿಸಿ ವಾಲ್ವ್ ಮತ್ತು ಅದು ಮುಚ್ಚಿದಾಗ ಕೂರುವ ಸೀಟು ಎರಡನ್ನೂ ಮಾಡಿಸಬೇಕು, ಎಲ್ಲ ಸೇರಿ ಹನ್ನೆರಡು ಸಾವಿರದವರೆಗೆ ಬರುತ್ತದೆ ಎಂದರು. ಅವರು ಹೇಳಿದ್ದು ತಪ್ಪೆಂದು ಇಂದಿಗೂ ಹೇಳಲಾರೆ. ಆದರೆ ಮಾತು ಮುಗಿಸುವಾಗ ಅವರೂ ಅದನ್ನೇ ಹೇಳಿದರು: “ಟಾಪೆಟ್ ಮಾತ್ರ ಚಿನ್ನದಂಗೈತೆ, ಸದ್ದೇ ಇಲ್ಲ.” ಮೂರನೆಯ ಬಾರಿ ಕೇಳಿದಾಗ ಅದು ಹೊಗಳಿಕೆಯಂತೆ ಕೇಳಲಿಲ್ಲ. ವಾಲ್ವನ್ನು ಒತ್ತಿ ತೆರೆಯುವ ಸನ್ನೆಯಾದ ರಾಕರಿಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯ ಜಾಗವಿದ್ದರೆ ತಾನೇ ಅಲ್ಲಿ ಟಿಕ್ ಟಿಕ್ ಎಂಬ ಸದ್ದು ಬರುವುದು? ಸದ್ದೇ ಇಲ್ಲವೆಂದರೆ ಜಾಗವೂ ಇಲ್ಲದಿರಬಹುದು.

10 ಅಕ್ಟೋಬರ್, ರಾತ್ರಿ: ಮುಚ್ಚಳ ತೆಗೆದದ್ದು

ಸಂದು ಅಳೆಯುವ ತೆಳು ಹಾಳೆಗಳ ಫೀಲರ್ ಗೇಜ್ 160 ರೂ., ಟಾಪೆಟ್ ಕವರಿನ ಹೊಸ ಗ್ಯಾಸ್ಕೆಟ್ 140 ರೂ. ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ರಾತ್ರಿ ಎಂಟರ ಮೇಲೆ ಕವರ್ ತೆಗೆದು, ಒಂದೊಂದು ಸಿಲಿಂಡರನ್ನು ಕಂಪ್ರೆಷನ್ನಿನ ತುದಿಗೆ ತಂದು ಅಳೆದೆ. ತಣ್ಣಗಿರುವಾಗ ಇನ್‌ಟೇಕಿಗೆ 0.15, ಎಕ್ಸಾಸ್ಟಿಗೆ 0.20 ಮಿ.ಮೀ. ಇರಬೇಕು. ಇನ್‌ಟೇಕ್ ಮೂರೂ 0.10ರಿಂದ 0.12ರೊಳಗಿದ್ದವು. ಎಕ್ಸಾಸ್ಟ್ ಮೊದಲನೆಯದು 0.08, ಎರಡನೆಯದು 0.05. ಮೂರನೆಯದಕ್ಕೆ ಗೇಜಿನ ಅತಿ ತೆಳುವಾದ 0.04ರ ಹಾಳೆಯೂ ಹೋಗಲಿಲ್ಲ. ರಾಕರನ್ನು ಬೆರಳಿನಿಂದ ಅಲುಗಾಡಿಸಿದರೆ ಕದಲುತ್ತಿರಲಿಲ್ಲ.

ತಣ್ಣಗಿರುವಾಗಲೇ ಜಾಗವಿಲ್ಲ. ಕಾದ ಮೇಲೆ ವಾಲ್ವ್ ಉದ್ದವಾಗುತ್ತದೆ, ರಾಕರ್ ಅದನ್ನು ಮುಚ್ಚಲು ಬಿಡುವುದಿಲ್ಲ. ಬೆಳಿಗ್ಗೆ ಐದು ನಿಮಿಷ ನಯವಾಗಿದ್ದು ಆಮೇಲೆ ನಡುಗುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿರಲಿಲ್ಲ.

ಹಳೆಯ ಪುಸ್ತಕ ತೆಗೆದು ನೋಡಿದರೆ ಟಾಪೆಟ್ ಕೊನೆಯ ಬಾರಿ ಹೊಂದಿಸಿದ್ದು 2017ರಲ್ಲಿ, 88,000 ಕಿ.ಮೀ.ಗೆ. ಅಲ್ಲಿಂದೀಚೆಗಿನ 33,000 ಕಿ.ಮೀ.ಯಲ್ಲಿ ಹೆಚ್ಚಿನ ಪಾಲು ಗ್ಯಾಸಿನಲ್ಲಿಯೇ ಓಡಿದೆ. ಗ್ಯಾಸು ಒಣ ಇಂಧನ. ಹಳೆಯ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟು ಬಡಿತಕ್ಕೆ ಬೇಗ ಸವೆದು ವಾಲ್ವ್ ಹೆಡ್ಡಿನೊಳಕ್ಕೆ ಕೂರುತ್ತ ಹೋಗುತ್ತದೆ. ಅದು ಎಷ್ಟು ಒಳಗೆ ಕೂತಿತೋ ಅದರ ಬಾಲ ಅಷ್ಟೇ ಮೇಲೆದ್ದು ರಾಕರಿಗೆ ತಾಗುತ್ತದೆ. ಸವೆತವೆಂದರೆ ಸಡಿಲವಾಗುವುದು, ಸದ್ದು ಮಾಡುವುದು ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಸವೆದಂತೆಲ್ಲ ಬಿಗಿಯಾಗುತ್ತದೆ, ಸದ್ದು ಕಡಿಮೆಯಾಗುತ್ತದೆ.

ಮರುದಿನ ಆಯುಧ ಪೂಜೆ. ಕವರ್ ಮುಚ್ಚಿರಲಿಲ್ಲವಾದ್ದರಿಂದ ರಾಕರುಗಳ ಮೇಲೆ ಶುಭ್ರವಾದ ಬಟ್ಟೆ ಹೊದಿಸಿ, ವ್ಯಾನಿಗೆ ಬಾಳೆಕಂದು ಕಟ್ಟಿ ಪೂಜೆ ಮಾಡಿದೆವು. ಅರಿಶಿನ ಕುಂಕುಮ ಒಳಗೆ ಉದುರದಂತೆ ನೋಡಿಕೊಳ್ಳುವುದೇ ನನ್ನ ಪೂಜೆಯಾಗಿತ್ತು. ಹೆಂಡತಿ ಫೀಲರ್ ಗೇಜಿಗೂ ಒಂದು ಬೊಟ್ಟಿಟ್ಟಳು, 0.20ರ ಹಾಳೆಯನ್ನು ಆಮೇಲೆ ಒರೆಸಿ ಬಳಸಬೇಕಾಯಿತು.

12 ಅಕ್ಟೋಬರ್: ಹೊಂದಿಸಿದ್ದು, ಕೆಡಿಸಿದ್ದು

ಕೆಲಸ ಸರಳ. 10ರ ಸ್ಪ್ಯಾನರಿನಲ್ಲಿ ಲಾಕ್‌ನಟ್ ಸಡಿಲಿಸಿ, ಸ್ಕ್ರೂಡ್ರೈವರಿನಲ್ಲಿ ತಿರುಪು ತಿರುಗಿಸಿ, ಹಾಳೆ ತುಸು ಹಿಡಿದು ಜಾರುವಂತೆ ಮಾಡಿ, ನಟ್ ಬಿಗಿಯುವುದು. ಬಿಗಿಯುವಾಗ ತಿರುಪೂ ಜೊತೆಯಲ್ಲಿ ತಿರುಗಿ ಜಾಗ 0.03ರಷ್ಟು ಬದಲಾಗುವುದರಿಂದ ಪ್ರತಿಯೊಂದನ್ನೂ ಎರಡೆರಡು ಬಾರಿ ಅಳೆಯಬೇಕು. ಗ್ಯಾಸಿನ ವಾಹನವೆಂದು ಎಕ್ಸಾಸ್ಟ್ ಮೂರಕ್ಕೂ 0.20ರ ಬದಲು 0.25 ಕೊಡಲು ನಿರ್ಧರಿಸಿದೆ. ಇದು ನನ್ನ ಸ್ವಂತ ತೀರ್ಮಾನ; ಸ್ವಲ್ಪ ಸದ್ದಾದರೂ ಅಡ್ಡಿಯಿಲ್ಲ, ಮುಚ್ಚಿಕೊಳ್ಳಲು ಜಾಗವಿರಲಿ ಎಂದು.

ಒಂದನೆಯ ಸಿಲಿಂಡರ್ ಸರಿಯಾಗಿ ಆಯಿತು. ಮೂರು ಸಿಲಿಂಡರ್ ಎಂದರೆ 360ನ್ನು ಮೂರರಿಂದ ಭಾಗಿಸು ಎಂದುಕೊಂಡು ಕ್ರ್ಯಾಂಕನ್ನು 120 ಡಿಗ್ರಿ ತಿರುಗಿಸಿದೆ. ಎರಡನೆಯ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಇಳಿಬಿಟ್ಟ ಕಡ್ಡಿ ಮೇಲಕ್ಕೆ ಬಂದಿತ್ತು, ಪಿಸ್ಟನ್ ತುದಿಯಲ್ಲಿತ್ತು. ಅಲ್ಲಿಯೇ ಅದರ ಎರಡೂ ವಾಲ್ವುಗಳನ್ನು ಹೊಂದಿಸಿ, ಇನ್ನೊಂದು 120 ತಿರುಗಿಸಿ ಮೂರನೆಯದನ್ನು ಮುಗಿಸಿ, ಕವರ್ ಹಾಕಿ ಚಾಲೂ ಮಾಡಿದೆ. ಕಮ್ಮಾರಸಾಲೆಯ ಸದ್ದು. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಹತ್ತು ಸೆಕೆಂಡಿಗೆ ಆರಿಸಿದೆ.

13 ಅಕ್ಟೋಬರ್: ಮತ್ತೊಮ್ಮೆ

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಬಾರಿ ತುದಿಗೆ ಬರುತ್ತದೆ: ಒಮ್ಮೆ ಕಂಪ್ರೆಷನ್ನಿನಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ; ಇನ್ನೊಮ್ಮೆ ಎಕ್ಸಾಸ್ಟ್ ಮುಗಿಯುವಾಗ, ಎರಡೂ ಸ್ವಲ್ಪ ತೆರೆದಿರುವಾಗ. ಈ ಎಂಜಿನ್ನಿನ ಕಿಡಿಯ ಸರದಿ 1-3-2, ಒಂದರಿಂದ ಇನ್ನೊಂದಕ್ಕೆ ಕ್ರ್ಯಾಂಕ್ 240 ಡಿಗ್ರಿ ತಿರುಗಬೇಕು. 120 ತಿರುಗಿಸಿದಾಗ ನನಗೆ ಸಿಕ್ಕಿದ್ದು ಎರಡನೆಯ ಸಿಲಿಂಡರಿನ ತಪ್ಪು ತುದಿ. ತೆರೆದಿದ್ದ ವಾಲ್ವಿನ ಮೇಲೆ 0.25 ಜಾಗ ಮಾಡಿದ್ದರಿಂದ, ಅದು ಮುಚ್ಚಿಕೊಂಡಾಗ ಅದರ ಎಷ್ಟೋ ಪಟ್ಟು ಜಾಗವಾಗಿ ರಾಕರ್ ಸುತ್ತಿಗೆಯಂತೆ ಬಡಿಯತೊಡಗಿತ್ತು. 10ರ ರಾತ್ರಿ ಅಳೆಯುವಾಗ ಎರಡೂ ರಾಕರುಗಳನ್ನು ಬೆರಳಿನಿಂದ ಮುಟ್ಟಿ ನೋಡಿಯೇ ಅಳೆದಿದ್ದೆ. 12ರಂದು ಲೆಕ್ಕದ ಮೇಲೆ ನಂಬಿಕೆಯಿಟ್ಟು ಬೆರಳನ್ನು ಬಿಟ್ಟೆ. ಮೂರನೆಯದು ಸರಿಯಾಗಿತ್ತು, ಅದೂ ಆಕಸ್ಮಿಕವಾಗಿ: 120 ಮತ್ತು 120 ಸೇರಿ 240 ಆಗಿತ್ತು.

ಎರಡನೆಯದನ್ನು ಸರಿಯಾದ ತುದಿಯಲ್ಲಿ ಮತ್ತೆ ಹೊಂದಿಸಿ, ಮೂರನ್ನೂ ಇನ್ನೊಂದು ಸುತ್ತು ಅಳೆದು, ಕವರ್ ಹಾಕಿದೆ. ಚಾಲೂ ಮಾಡಿದಾಗ ಹೊಲಿಗೆ ಯಂತ್ರದ ಹಾಗೆ ಹಗುರವಾದ ಟಿಕ್ ಟಿಕ್ ಸದ್ದು. ಎಂಜಿನ್ ಕಾಯುವವರೆಗೆ ಕಾದೆ, ಅರ್ಧ ಗಂಟೆ. ಡ್ಯಾಶ್‌ಬೋರ್ಡಿನ ಮೇಲೆ ಲೋಟದಲ್ಲಿ ನೀರು ಇಟ್ಟಿದ್ದೆ, ಅಲೆಯಿತ್ತು, ತುಳುಕಲಿಲ್ಲ. ಕಂಪ್ರೆಷನ್ 165, 162, 128.

128 ಎಂದರೆ ಪೂರ್ತಿ ಗುಣವಾಗಿಲ್ಲ. ಬಹುಕಾಲ ಬಿಸಿ ಹೊಗೆ ನುಗ್ಗಿದ ವಾಲ್ವಿನ ಅಂಚು ಒಂದಿಷ್ಟು ತಿಂದುಹೋಗಿರುತ್ತದೆ, ಅದು ತಿರುಪು ತಿರುಗಿಸಿದರೆ ಮರಳುವಂಥದ್ದಲ್ಲ.

19 ಅಕ್ಟೋಬರ್: ತಪಾಸಣೆ

ಮೇಲುಕೋಟೆಗೆ ನಾಲ್ಕು ಜನರನ್ನು ಕೂರಿಸಿಕೊಂಡು ಹೋಗಿ ಬಂದೆ. ಜುಲೈನಲ್ಲಿ ಫಸ್ಟ್ ಗೇರಿಗೆ ಇಳಿಸಬೇಕಾಗಿದ್ದ ಬೆಟ್ಟದ ತಿರುವನ್ನು ಸೆಕೆಂಡಿನಲ್ಲಿಯೇ ಹತ್ತಿತು. ಬಂದ ಮೇಲೆ ಟೈಮಿಂಗ್ ಇನ್ನೊಮ್ಮೆ ನೋಡಿ, ಐಡ್ಲಿಂಗ್ 850ಕ್ಕೆ ಇಟ್ಟು, ಅದೇ ತಪಾಸಣಾ ಕೇಂದ್ರಕ್ಕೆ ಒಯ್ದೆ. ಮಾನಾಕ್ಸೈಡ್ ಶೇ. 1.4, ಹೈಡ್ರೋಕಾರ್ಬನ್ 640. ಪ್ರಮಾಣಪತ್ರ ಸಿಕ್ಕಿತು, ನವೆಂಬರಿನಲ್ಲಿ ನೋಂದಣಿಯೂ ಇನ್ನೈದು ವರ್ಷಕ್ಕೆ ನವೀಕರಣವಾಯಿತು.

ಒಟ್ಟು ಖರ್ಚು 4,170 ರೂ. ಅದರಲ್ಲಿ ಪ್ಲಗ್, ಪಾಯಿಂಟ್, ಕ್ಯಾಪ್, ಕಾರ್ಬೊರೇಟರ್ ಸೇರಿ 2,300 ರೂ. ನಡುಕಕ್ಕೆ ಸಂಬಂಧಪಡದ್ದು, ಸ್ಪ್ರೇ ಮತ್ತು ಪೈಪಿನ 340 ರೂ. ಕಾರ್ಬೊರೇಟರ್ ಬಿಚ್ಚಿಸಿದ್ದರಿಂದ ಹುಟ್ಟಿದ್ದು. ಉಳಿದ 1,530ರಲ್ಲಿ ಗೇಜುಗಳೇ 1,310. ನಡುಕವನ್ನು ನಿಜವಾಗಿ ನಿಲ್ಲಿಸಿದ ಸಾಮಗ್ರಿಯೆಂದರೆ 140 ರೂಪಾಯಿಯ ಗ್ಯಾಸ್ಕೆಟ್ ಒಂದೇ, ಅದೂ ತೆಗೆದ ಕವರನ್ನು ಮತ್ತೆ ಮುಚ್ಚಲು.

29 ಡಿಸೆಂಬರ್: ಮರು ಅಳತೆ

ಎರಡೂವರೆ ತಿಂಗಳಲ್ಲಿ ಸುಮಾರು 1,500 ಕಿ.ಮೀ. ಓಡಿದೆ, ಅರ್ಧ ಪೆಟ್ರೋಲು, ಅರ್ಧ ಗ್ಯಾಸು. ಎಂಜಿನ್ ತಣ್ಣಗಿರುವಾಗ ಕವರ್ ತೆಗೆದು ಅಳೆದೆ. ಎಕ್ಸಾಸ್ಟ್ ಒಂದು 0.25, ಎರಡು 0.24, ಮೂರು 0.20. ಮೂರನೆಯ ಸಿಲಿಂಡರಿನ ಕಂಪ್ರೆಷನ್ 136.

ಕಂಪ್ರೆಷನ್ ಸ್ವಲ್ಪ ಏರಿದೆ, ಆದರೆ ಜಾಗ 0.05 ಇಳಿದಿದೆ. ಸೀಟು ಇನ್ನೂ ಕೂರುತ್ತಿದೆ. ಇದೇ ಗತಿಯಲ್ಲಿ ಸಾಗಿದರೆ ಇನ್ನು 6,000 ಕಿ.ಮೀ.ಗೆ ಜಾಗ ಮತ್ತೆ ಶೂನ್ಯವಾಗುತ್ತದೆ. ಹೆಡ್ ಇಳಿಸುವ ಮಾತು ಹೇಳಿದ ಮೆಕ್ಯಾನಿಕ್ಕರ ಬಳಿಗೆ ಹೋಗಿ ಈ ಅಂಕಿಗಳನ್ನು ತೋರಿಸಿದೆ. ಯುಗಾದಿ ಕಳೆದು ಬೆಲ್ಲದ ಸಾಗಣೆ ಕಡಿಮೆಯಾದ ಮೇಲೆ, ಮೂರೂ ಎಕ್ಸಾಸ್ಟ್ ಸೀಟುಗಳನ್ನು ಗಟ್ಟಿ ಲೋಹದ್ದು ಹಾಕಿಸುವುದೆಂದು ಮಾತಾಯಿತು. ಅಲ್ಲಿಯವರೆಗೆ ಭಾರ ಹೇರಿದಾಗ ಪೆಟ್ರೋಲಿನಲ್ಲಿಯೇ ಓಡಿಸುತ್ತೇನೆ, 2,000 ಕಿ.ಮೀ.ಗೊಮ್ಮೆ ಅಳೆಯುತ್ತೇನೆ. ಮೂರನೆಯದನ್ನು ಇವತ್ತು ಮತ್ತೆ 0.25ಕ್ಕೆ ಹೊಂದಿಸಿದ್ದೇನೆ, ಎರಡೂ ರಾಕರುಗಳನ್ನು ಬೆರಳಿನಿಂದ ಅಲುಗಾಡಿಸಿ ನೋಡಿದ ಮೇಲೆ.